ದೆವ್ವಕ್ಕೆ ಕಾರಣ ಬೇಡ, ಕಟ್ಟಳೆ ಬೇಕು

ಕನ್ನಡದಲ್ಲಿ ದೆವ್ವದ ಸಿನಿಮಾ ಮಾಡಲು ಹೊರಟವರಿಗೆಲ್ಲ ಒಂದು ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತದೆ: ಈಗಿನ ಪ್ರೇಕ್ಷಕರು ಬುದ್ಧಿವಂತರು, ದೆವ್ವ ಯಾಕೆ ಬಂತು ಎಂದು ಹೇಳದಿದ್ದರೆ ಒಪ್ಪುವುದಿಲ್ಲ. ನಿರ್ಮಾಪಕರು ಇದನ್ನು ಹೇಳುತ್ತಾರೆ, ಕಥೆಯ ಚರ್ಚೆಗೆ ಕೂತವರು ಹೇಳುತ್ತಾರೆ, ಶುಕ್ರವಾರ ಸಂಜೆ ವಿಮರ್ಶೆ ಬರೆಯುವವರೂ ಹೇಳುತ್ತಾರೆ. ಪುಸ್ತಕಲೋಕದ ಕಥೆಯೂ ಇದೇ. ಯಾರಾದರೂ ಮೈ ಜುಮ್ಮೆನ್ನಿಸುವ ಕಥೆಯೊಂದನ್ನು ಬರೆದು ತೋರಿಸಿದರೆ, 'ಕೊನೆಗೂ ಅದು ಏನು ಅಂತ ಗೊತ್ತಾಗಲೇ ಇಲ್ಲವಲ್ಲ' ಎಂಬ ಆಕ್ಷೇಪವೇ ಮೊದಲು ಬರುವುದು.

ಈ ಆಕ್ಷೇಪಕ್ಕೆ ನಮ್ಮವರು ಮೂರು ಮದ್ದು ಗೊತ್ತುಮಾಡಿಟ್ಟಿದ್ದಾರೆ. ಮೊದಲನೆಯದು ಕಾಯಿಲೆ. ಕೊನೆಯಲ್ಲಿ ಒಬ್ಬ ಡಾಕ್ಟರ್ ಬಂದು, ಇದು ದೆವ್ವವಲ್ಲ, ಸ್ಪ್ಲಿಟ್ ಪರ್ಸನಾಲಿಟಿ ಎನ್ನಬೇಕು. ಎರಡನೆಯದು ಸೇಡು. ಇಂಟರ್ವಲ್ ಕಳೆದ ಮೇಲೆ ಒಂದು ಉದ್ದನೆಯ ಫ್ಲ್ಯಾಶ್‌ಬ್ಯಾಕ್ ಬಂದು, ದೆವ್ವ ಬದುಕಿದ್ದಾಗ ಎಂಥ ಬಂಗಾರದಂಥ ಹುಡುಗಿಯಾಗಿದ್ದಳು, ಯಾವ ನಾಲ್ವರು ದುಷ್ಟರು ಅವಳನ್ನು ಕೊಂದರು ಎಂದು ತೋರಿಸಬೇಕು. ಮೂರನೆಯದು ಸ್ವಲ್ಪ ಓದಿಕೊಂಡವರ ಮದ್ದು, ಸಂದೇಶ. ದೆವ್ವವನ್ನು ದೆವ್ವ ಎಂದು ತಿಳಿಯಬಾರದು. ಅದು ಜಾತಿ, ಅದು ಗಂಡಾಳಿಕೆ, ಅದು ತಾಯಿಯೊಬ್ಬಳ ತೀರದ ದುಃಖ ಎಂದು ನೋಡುವವನಿಗೆ ತಿಳಿಯಬೇಕು. ಈ ಮೂರರಲ್ಲಿ ಒಂದಾದರೂ ಇಲ್ಲದ ಕಥೆಗೆ ಮರ್ಯಾದೆಯಿಲ್ಲ.

ಮೂರೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು ಎಂಬುದು ನನ್ನ ವಾದ. ಕತ್ತಲೆಯ ಕಥೆ ಗೆಲ್ಲುವುದು ಕಾರಣದಿಂದ ಅಲ್ಲವೇ ಅಲ್ಲ. ಅದು ಗೆಲ್ಲುವುದು ಕಟ್ಟಳೆಯಿಂದ. ಈ ಲೋಕದಲ್ಲಿ ಏನು ಮಾಡಿದರೆ ಏನಾಗುತ್ತದೆ, ಯಾವ ಹೊಸ್ತಿಲು ದಾಟಬಾರದು, ದಾಟಿದರೆ ಬೆಲೆ ಎಷ್ಟು ಎಂಬುದನ್ನು ಕಥೆ ಖಡಾಖಂಡಿತವಾಗಿ ಗೊತ್ತುಮಾಡಿ, ಆಮೇಲೆ ಯಾರ ಮುಲಾಜೂ ನೋಡದೆ ಅದನ್ನು ಜಾರಿಗೆ ತಂದರೆ ಸಾಕು. ಯಾಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳುವಷ್ಟು ಪುರಸೊತ್ತು ಅವರಿಗಿರುವುದಿಲ್ಲ.

ಥಿಯೇಟರಿನಿಂದ ಹೊರಗೆ ಬಂದವರು 'ಲಾಜಿಕ್ಕೇ ಇಲ್ಲ ಗುರೂ' ಎಂದು ಬೈಯುವುದು ನಿಜ. ಆ ಬೈಗುಳದ ಅರ್ಥವೇನು ಎಂದು ವಿಚಾರಿಸಿದವರು ಕಡಿಮೆ. ಬೀಗ ಹಾಕಿದ ಬಾಗಿಲಿನಾಚೆ ಇದ್ದ ಮೂವರನ್ನು ಮೊದಲರ್ಧದಲ್ಲಿ ಲೀಲಾಜಾಲವಾಗಿ ಕೊಂದ ದೆವ್ವ, ದ್ವಿತೀಯಾರ್ಧದಲ್ಲಿ ನಾಯಕಿ ಬಚ್ಚಲುಮನೆಯ ಚಿಲಕ ಹಾಕಿಕೊಂಡರೆ ಹೊರಗೇ ನಿಂತು ಬಾಗಿಲು ಬಡಿಯುತ್ತದೆ, ನಾಯಕ ಬರುವ ತನಕ. ನೋಡುವವನಿಗೆ ಸಿಟ್ಟು ಬರುವುದು ಇದಕ್ಕೆ. ದೆವ್ವ ಇರಲು ಸಾಧ್ಯವೇ ಎಂದು ಅವನು ತಕರಾರು ಎತ್ತಿಲ್ಲ. ಟಿಕೆಟ್ ಕೊಂಡಾಗಲೇ ಅದನ್ನು ಒಪ್ಪಿಕೊಂಡಿದ್ದಾನೆ. ನೀನೇ ಹೇಳಿದ ಮಾತಿಗೆ ನೀನು ನಿಲ್ಲಲಿಲ್ಲ ಎಂಬುದು ಅವನ ದೂರು. ಉದ್ಯಮ ಈ ದೂರನ್ನು ತಪ್ಪಾಗಿ ಕೇಳಿಸಿಕೊಂಡಿತು. ಅವನು ಸುಸಂಗತಿ ಕೇಳಿದರೆ ಇವರು ಸಮಜಾಯಿಷಿ ಕೊಟ್ಟರು. ಮುಂದಿನ ಸಿನಿಮಾದಲ್ಲಿ ಫ್ಲ್ಯಾಶ್‌ಬ್ಯಾಕ್ ಇನ್ನೂ ಹತ್ತು ನಿಮಿಷ ಉದ್ದವಾಯಿತು, ದೆವ್ವ ಮಾತ್ರ ಚಿಲಕದ ಹೊರಗೇ ಉಳಿಯಿತು.

ನಮ್ಮದೇ ನಾಡಿನಲ್ಲಿ, ನಮ್ಮ ನೆನಪಿನ ಕಾಲದಲ್ಲೇ ಹುಟ್ಟಿದ ಅತ್ಯಂತ ಯಶಸ್ವಿ ದೆವ್ವದ ಕಥೆ ಯಾವುದು? ಅದನ್ನು ಯಾರೂ ಬರೆಯಲಿಲ್ಲ, ಯಾರೂ ಚಿತ್ರೀಕರಿಸಲಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹಳ್ಳಿಗಳ ತನಕ ಮನೆಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದ 'ನಾಳೆ ಬಾ' ಎಂಬ ಎರಡು ಪದ, ಅಷ್ಟೇ. ರಾತ್ರಿ ಒಬ್ಬಳು ಬೀದಿಯಲ್ಲಿ ಬರುತ್ತಾಳೆ. ನಿಮ್ಮ ಮನೆಯವರದೇ ದನಿಯಲ್ಲಿ ನಿಮ್ಮನ್ನು ಕೂಗುತ್ತಾಳೆ. ಬಾಗಿಲು ತೆರೆದರೆ ಸತ್ತಿರಿ. ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ ಓದಿಕೊಂಡು ಹಿಂದಿರುಗುತ್ತಾಳೆ. ಮರುದಿನ ಮತ್ತೆ ಬರುತ್ತಾಳೆ, ಮತ್ತೆ ಓದುತ್ತಾಳೆ, ಮತ್ತೆ ಹೋಗುತ್ತಾಳೆ.

ಇದನ್ನು ಹತ್ತಿರದಿಂದ ನೋಡಿ. ಅವಳು ಯಾರು, ಹೇಗೆ ಸತ್ತಳು, ಯಾರ ಮೇಲೆ ಅವಳ ಸಿಟ್ಟು ಎಂಬುದರ ಗೊಡವೆಗೆ ಊರು ಹೋಗಲಿಲ್ಲ. ಊರಿಗೆ ಗೊತ್ತಿದ್ದದ್ದು ನಿಯಮ ಒಂದೇ. ಆ ನಿಯಮವೋ, ವಿಚಾರ ಮಾಡಿದರೆ ನಗು ಬರುವಂಥದ್ದು. ಕನ್ನಡ ಓದಲು ಬರುವ ದೆವ್ವ, ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವ ದೆವ್ವ, ನಿನ್ನೆಯೂ ಇದನ್ನೇ ಓದಿದ್ದೆನಲ್ಲ ಎಂದು ಒಂದು ದಿನವೂ ಅನುಮಾನಪಡದ ದೆವ್ವ. ಯಾವ ಕಥಾ ಚರ್ಚೆಯಲ್ಲೂ ಇದು ಪಾಸಾಗುತ್ತಿರಲಿಲ್ಲ. ಆದರೂ ಓದು ಬಲ್ಲವರು, ಬ್ಯಾಂಕಿಗೆ ಹೋಗುವವರು, ಶಾಲೆಯಲ್ಲಿ ವಿಜ್ಞಾನ ಹೇಳುವವರು ಕೂಡ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಬರೆಸಿದರು; ನಂಬಿ ಬರೆಸಿದವರಿಗಿಂತ, ಇರಲಿ ಬಿಡು ಎಂದು ಬರೆಸಿದವರೇ ಹೆಚ್ಚಿದ್ದಿರಬೇಕು. 2018ರಲ್ಲಿ ಹಿಂದಿಯ 'ಸ್ತ್ರೀ' ಇದೇ ಬರಹವನ್ನು ಎತ್ತಿಕೊಂಡು ಚಂದೇರಿಯ ಗೋಡೆಗಳ ಮೇಲೆ ಬರೆಯಿತು. ಸಿನಿಮಾ ಆದ್ದರಿಂದ ಅವಳಿಗೊಂದು ಪೂರ್ವಕಥೆಯನ್ನೂ ಹೊಲಿದು ಕೊಟ್ಟರು. ಆ ಪೂರ್ವಕಥೆ ಈಗ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಗೋಡೆಯ ಬರಹ ಎಲ್ಲರಿಗೂ ನೆನಪಿದೆ.

ಒಳ್ಳೆಯ ಕಟ್ಟಳೆಯ ಲಕ್ಷಣಗಳೆಲ್ಲ ಈ ಎರಡು ಪದದಲ್ಲಿವೆ. ಅದು ಮನೆಬಳಕೆಯ ವಸ್ತುವಿಗೆ ಅಂಟಿಕೊಂಡಿದೆ, ಇಲ್ಲಿ ಬಾಗಿಲಿಗೆ. ಹೆದರಿದವನಿಗೆ ಒಂದು ಕೆಲಸ ಕೊಡುತ್ತದೆ. ಒಳ್ಳೆಯವನು ಕೆಟ್ಟವನು ಎಂದು ಭೇದ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಅಪಾಯವನ್ನು ಮುಗಿಸುವುದಿಲ್ಲ, ಒಂದು ದಿನಕ್ಕೆ ಮುಂದೂಡುತ್ತದೆ. ಕಾರಣ ಕೊಟ್ಟರೆ ಭಯಕ್ಕೆ ಮುಕ್ತಾಯ ಸಿಕ್ಕಿಬಿಡುತ್ತದೆ. ಕಟ್ಟಳೆಗೆ ಮುಕ್ತಾಯವಿಲ್ಲ, ದಿನವೂ ಪಾಲಿಸಬೇಕು.

ಇದು ಹೊಸ ಉಪಾಯವೂ ಅಲ್ಲ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದೊಳಗೆ ಬರುವ ಬೇತಾಳನ ಕಥೆಗಳನ್ನು ತೆಗೆದುಕೊಳ್ಳಿ. ಮಸಣದ ಮರ, ನೇತಾಡುವ ಹೆಣ, ಅದನ್ನು ಹೆಗಲ ಮೇಲೆ ಹೊತ್ತು ನಡೆಯುವ ರಾಜ. ಉತ್ತರ ಗೊತ್ತಿದ್ದೂ ಬಾಯಿಬಿಡದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಬಾಯಿಬಿಟ್ಟರೆ ಹೆಣ ಮತ್ತೆ ಮರಕ್ಕೆ ಹೋಗುತ್ತದೆ. ನಾವೆಲ್ಲ ಮಕ್ಕಳಾಗಿದ್ದಾಗ ಕೇಳಿದ ಕಥೆ ಇದು. ಮಾತಾಡಿದ್ದಕ್ಕೆ ಯಾಕೆ ಮರಕ್ಕೆ ಹೋಗಬೇಕು ಎಂದು ಯಾವ ಮಗುವೂ ಕೇಳಿದ್ದಿಲ್ಲ. ಎರಡೂ ಕಡೆ ಬಾಗಿಲು ಮುಚ್ಚಿರುವ ಆ ಇಕ್ಕಟ್ಟೇ ಕಥೆಯನ್ನು ಇಷ್ಟು ಶತಮಾನ ನಡೆಸಿಕೊಂಡು ಬಂದಿದೆ.

ಗಿರೀಶ ಕಾರ್ನಾಡರಿಗೆ ಈ ಗುಟ್ಟು ಗೊತ್ತಿತ್ತು. 1988ರ 'ನಾಗಮಂಡಲ' ಶುರುವಾಗುವುದು ಒಂದು ಪಾಳು ಗುಡಿಯಲ್ಲಿ, ಸಾವಿನ ಬೆದರಿಕೆಯಲ್ಲಿ ಸಿಕ್ಕಿಕೊಂಡ ನಾಟಕಕಾರನೊಬ್ಬನಿಂದ. ತಿಂಗಳೊಳಗೆ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಿರದಿದ್ದರೆ ಅವನು ಸಾಯುತ್ತಾನೆ; ಇವತ್ತು ತಿಂಗಳ ಕೊನೆಯ ರಾತ್ರಿ. ಅಲ್ಲಿಗೆ ಊರ ಮನೆಗಳ ದೀಪದ ಜ್ವಾಲೆಗಳು ಹರಟೆಗೆ ಬರುತ್ತವೆ, ಕಥೆಯೇ ಹೆಣ್ಣಾಗಿ ಬರುತ್ತದೆ. ಜ್ವಾಲೆ ಮಾತಾಡಲು ಹೇಗೆ ಸಾಧ್ಯ ಎಂದು ಸಭೆಯಲ್ಲಿ ಯಾರೂ ಎದ್ದು ನಿಂತ ವರದಿಯಿಲ್ಲ. ನಾಟಕಕಾರ ತೂಕಡಿಸಿಬಿಡುತ್ತಾನೋ ಎಂಬ ಆತಂಕ ಸಾಕಾಗಿತ್ತು.

ಸೇಡಿನ ಫ್ಲ್ಯಾಶ್‌ಬ್ಯಾಕ್ ಪಕ್ಷದವರಿಗೆ ನಾನು ಒಡ್ಡುವ ಸಾಕ್ಷ್ಯ ಜಪಾನಿನದು. ಕೋಜಿ ಸುಜುಕಿ 1991ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಹಿದೆಯೊ ನಕಾತ 1998ರಲ್ಲಿ ಮಾಡಿದ 'ರಿಂಗು'. ಒಂದು ವಿಡಿಯೊ ಕ್ಯಾಸೆಟ್, ನೋಡಿದವರು ಏಳನೆಯ ದಿನ ಸಾಯುತ್ತಾರೆ. ಕ್ಯಾಸೆಟ್ ನೋಡಿದ ಪತ್ರಕರ್ತೆ ರೇಕೊ ತನ್ನ ಮಾಜಿ ಗಂಡನನ್ನು ಜೊತೆಗೆ ಕರೆದುಕೊಂಡು ಹುಡುಕುತ್ತಾ ಹೋಗಿ, ಬಾವಿಗೆ ತಳ್ಳಿ ಕೊಲ್ಲಲಾದ ಸದಾಕೊ ಎಂಬ ಹುಡುಗಿಯ ಅಸ್ಥಿಯನ್ನು ಪತ್ತೆಮಾಡುತ್ತಾಳೆ. ಆ ಅಸ್ಥಿಯನ್ನು ಅವಳು ಎದೆಗೊತ್ತಿಕೊಳ್ಳುತ್ತಾಳೆ. ಅವಳ ಗಡುವು ಮೀರಿದರೂ ಸಾವು ಬರುವುದಿಲ್ಲ. ನಮ್ಮ ಸಿನಿಮಾ ಆಗಿದ್ದರೆ ಇಲ್ಲಿ ಶುಭಂ. ಕಾರಣ ತಿಳಿಯಿತು, ನ್ಯಾಯ ಸಿಕ್ಕಿತು, ಆತ್ಮಕ್ಕೆ ಶಾಂತಿಯಾಯಿತು.

ನಕಾತ ಅಲ್ಲಿಗೆ ನಿಲ್ಲಿಸುವುದಿಲ್ಲ. ಮರುದಿನ ಮಾಜಿ ಗಂಡನ ಮನೆಯ ಟಿವಿ ತಾನಾಗಿ ಹತ್ತಿಕೊಳ್ಳುತ್ತದೆ, ಬಾವಿಯಿಂದ ಎದ್ದವಳು ಪರದೆಯಿಂದಲೂ ಹೊರಗೆ ತೆವಳಿ ಬರುತ್ತಾಳೆ. ರೇಕೊ ಬದುಕಿದ್ದು ಸದಾಕೊಗೆ ನ್ಯಾಯ ಕೊಡಿಸಿದ್ದಕ್ಕಲ್ಲ. ಕ್ಯಾಸೆಟ್ಟಿನ ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದ್ದಕ್ಕೆ. ನಿಯಮ ಅಷ್ಟೇ ಇತ್ತು. ಕ್ಯಾಸೆಟ್ ನೋಡಿಬಿಟ್ಟಿರುವ ಮಗನನ್ನು ಉಳಿಸಲು ಅವಳು ಈಗ ತನ್ನ ತಂದೆಯ ಮನೆಯ ಕಡೆ ಕಾರು ಓಡಿಸುತ್ತಾಳೆ. ಯಾರಿಗೆ ತೋರಿಸಲು ಹೊರಟಿದ್ದಾಳೆ ಎಂದು ನೋಡುವವನಿಗೆ ಹೊಳೆದಾಗ ಸಿನಿಮಾ ಮುಗಿದಿರುತ್ತದೆ. ಪೂರ್ವಕಥೆಯನ್ನು ಕೊಟ್ಟೂ, ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ತೋರಿಸಿಕೊಟ್ಟ ಚಿತ್ರ ಇದು. ಸದಾಕೊಳ ಕರುಣಾಜನಕ ಕಥೆ ಯಾರನ್ನೂ ಕಾಪಾಡುವುದಿಲ್ಲ ಎಂಬುದೇ ಅದರ ಭೀಕರತೆ.

ಇನ್ನು ಎದುರು ಪಕ್ಷದ ಬ್ರಹ್ಮಾಸ್ತ್ರಕ್ಕೆ ಬರೋಣ. 'ಹಾಗಾದರೆ ಆಪ್ತಮಿತ್ರ?' 2004ರಲ್ಲಿ ಪಿ. ವಾಸು ನಿರ್ದೇಶಿಸಿದ, ದ್ವಾರಕೀಶ್ ನಿರ್ಮಿಸಿದ ಈ ಚಿತ್ರ ಕನ್ನಡದ ದೊಡ್ಡ ಗೆಲುವುಗಳಲ್ಲಿ ಒಂದು. ಮೂಲ 1993ರ ಮಲಯಾಳಂ 'ಮಣಿಚಿತ್ರತಾಳ್'. ಅದರಲ್ಲಿನ ನಟನೆಗೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತಮಿಳು, ಹಿಂದಿಯಲ್ಲೂ ಇದೇ ಕಥೆ ಗೆದ್ದಿತು. ಎಲ್ಲದರಲ್ಲೂ ಮನೋವೈದ್ಯ ಬಂದು ರೋಗದ ಹೆಸರು ಹೇಳುತ್ತಾನೆ. ವಿವರಣೆ ಕೊಟ್ಟೇ ಗೆದ್ದಿತಲ್ಲ ಎಂದು ಕೇಳುವವರಿದ್ದಾರೆ.

ವಿವರಣೆ ಇತ್ತು, ನಿಜ. ಗೆಲ್ಲಿಸಿದ್ದು ಅದೇ ಎಂದು ಹೇಳಿದವರು ಯಾರು? ಆ ಚಿತ್ರ ನೋಡಿದ ಯಾರನ್ನಾದರೂ ನಿಲ್ಲಿಸಿ ಕೇಳಿ. ವಿಷ್ಣುವರ್ಧನ್ ಅವರ ಡಾಕ್ಟರ್ ಪಾತ್ರ ಮನಸ್ಸಿನ ಒಡಕಿನ ಬಗ್ಗೆ ಕೊಟ್ಟ ಪಾಠದ ಒಂದು ಸಾಲೂ ಅವರಿಗೆ ನೆನಪಿರುವುದಿಲ್ಲ. ನೆನಪಿರುವುದು ತೆರೆಯಬಾರದ ಕೋಣೆ, ನರ್ತಕಿ ನಾಗವಲ್ಲಿಯ ಚಿತ್ರಪಟ, ಮತ್ತು ಸೌಂದರ್ಯ ಅವರ ಗಂಗಾ ಗಂಡನ ಎದುರೇ ಹಂತಹಂತವಾಗಿ ಇನ್ನೊಬ್ಬಳಾಗುವ ಪರಿ. ಹುಬ್ಬು ಮೊದಲು ಬದಲಾಗುತ್ತದೆ, ಆಮೇಲೆ ದನಿ, ಆಮೇಲೆ ನಿಲ್ಲುವ ಭಂಗಿ. ಕನ್ನಡದ ಗೃಹಿಣಿ ತೆಲುಗಿನ ನರ್ತಕಿಯಾಗಿಬಿಡುತ್ತಾಳೆ. ಆ ಹೊತ್ತಿನಲ್ಲಿ ಥಿಯೇಟರಿನ ಕುರ್ಚಿಯಲ್ಲಿ ಕೂತ ಯಾರೂ ರೋಗಿಯನ್ನು ನೋಡುತ್ತಿರಲಿಲ್ಲ.

ಕ್ಲೈಮ್ಯಾಕ್ಸನ್ನಂತೂ ಗಮನವಿಟ್ಟು ನೋಡಬೇಕು. ವಿಜ್ಞಾನದ ವಕಾಲತ್ತು ವಹಿಸಿದ ಡಾಕ್ಟರ್ ಕೊನೆಗೆ ಮಾಡುವುದೇನು? ಮಾತ್ರೆ ಕೊಡುವುದಿಲ್ಲ. ಆಚಾರ್ಯರನ್ನು ಜೊತೆಗಿಟ್ಟುಕೊಂಡು, ಹೋಮದ ಹೊಗೆ ಎಬ್ಬಿಸಿ, ನಾಗವಲ್ಲಿ ಕೇಳಿದ ರಾಜನ ಬಲಿಯನ್ನು ಗೊಂಬೆಯ ರೂಪದಲ್ಲಿ ಅವಳಿಗೆ ಒಪ್ಪಿಸುತ್ತಾನೆ. ಅಂದರೆ ಡಾಕ್ಟರೇ ದೆವ್ವದ ಕಟ್ಟಳೆಗೆ ತಲೆಬಾಗಿದ. ಸೇಡು ತೀರಿದರೆ ಬಿಟ್ಟುಹೋಗುತ್ತೇನೆ ಎಂದು ಅವಳು ಹಾಕಿದ ಷರತ್ತನ್ನು ಆಸ್ಪತ್ರೆ ಪೂರೈಸಿತು. ಚಿತ್ರದ ಮಾತು ವಿವರಣೆಯ ಪರ, ಚಿತ್ರದ ಮೈ ಕಟ್ಟಳೆಯ ಪರ. ಆರು ವರ್ಷಗಳ ನಂತರ 'ಆಪ್ತರಕ್ಷಕ' ಬಂದಾಗ ಅದೇ ಚಿತ್ರಪಟ ಇನ್ನೊಂದು ಮನೆ ಸೇರಿ ಕಾಟ ಶುರುಮಾಡಿತು. ಡಾಕ್ಟರ ಡಯಾಗ್ನೋಸಿಸ್ ನಾಗವಲ್ಲಿಗೇನೂ ತಟ್ಟಿರಲಿಲ್ಲ.

ಈ 'ವೈಜ್ಞಾನಿಕ' ವಿವರಣೆ ವಿಜ್ಞಾನವೂ ಅಲ್ಲ ಎಂಬುದು ನನ್ನ ಇನ್ನೂ ದೊಡ್ಡ ತಕರಾರು. ಮೈಮೇಲೆ ಬರುವ ಸ್ಥಿತಿಯನ್ನು ವೈದ್ಯಶಾಸ್ತ್ರ ಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಅಂಥವರನ್ನು ನೋಡುತ್ತಾರೆ, ಮಾತಾಡಿಸುತ್ತಾರೆ, ಚಿಕಿತ್ಸೆ ಕೊಡುತ್ತಾರೆ. ಆ ರೋಗಿ ಕತ್ತಿ ಹಿಡಿದು ಗಂಡನನ್ನು ಕೊಲ್ಲಲು ಬರುವ, ರಾತ್ರೋರಾತ್ರಿ ಭರತನಾಟ್ಯದಲ್ಲಿ ಪಾರಂಗತಳಾಗುವ, ಗೊಂಬೆ ಕೊಟ್ಟರೆ ವಾಸಿಯಾಗುವ ಪ್ರಾಣಿಯಲ್ಲ. ದೆವ್ವದ ಕೆಲಸವನ್ನೆಲ್ಲ ದೆವ್ವದಿಂದ ಕಿತ್ತು ರೋಗಿಯ ತಲೆಗೆ ಕಟ್ಟಿದ್ದರಿಂದ ದೆವ್ವಕ್ಕೇನೂ ನಷ್ಟವಾಗಲಿಲ್ಲ. ಮನೋರೋಗಿ ಎಂದರೆ ಕೊಲೆಗಡುಕ ಎಂಬ ಅಂಜಿಕೆ ಬೀದಿಗೆ ಬಂತು. ಇದನ್ನು ಪ್ರಗತಿಪರ ಎನ್ನುವವರಿಗೆ ಮಾನಸಿಕ ಕಾಯಿಲೆಯವರನ್ನು ಸಾಕುತ್ತಿರುವ ಒಂದು ಕುಟುಂಬದ ಪರಿಚಯವೂ ಇದ್ದಂತಿಲ್ಲ.

ಕೊನೆಗೆ ವಿವರಿಸಿಬಿಡುವ ಚಾಳಿ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಹೊರೇಸ್ ವಾಲ್ಪೋಲ್ 1764ರಲ್ಲಿ ಬರೆದ ಕಾದಂಬರಿಯ ಮೊದಲಿಗೇ ಆಕಾಶದಿಂದ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಜಜ್ಜಿಹೋಗುತ್ತಾನೆ. ಅದು ಎಲ್ಲಿಂದ ಬಂತು ಎಂದು ವಾಲ್ಪೋಲ್ ಕೈಕಟ್ಟಿ ನಿಂತು ಒಪ್ಪಿಸಲಿಲ್ಲ. ಮೂವತ್ತು ವರ್ಷಗಳ ನಂತರ, 1794ರಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ 'ಉಡಾಲ್ಫೊ' ಬರೆದರು. ಕೋಟೆಯೊಂದರಲ್ಲಿ ಕಪ್ಪು ಪರದೆ. ನಾಯಕಿ ಅದನ್ನು ಸರಿಸಿ, ಕಂಡದ್ದನ್ನು ತಾಳಲಾರದೆ ಮೂರ್ಛೆ ಹೋಗುತ್ತಾಳೆ. ನೂರಾರು ಪುಟ ಓದುಗರ ಉಸಿರು ಹಿಡಿದಿಟ್ಟ ಆ ಪರದೆಯ ಹಿಂದೆ ಇದ್ದದ್ದು ಮೇಣದ ಬೊಂಬೆ ಎಂದು ಪುಸ್ತಕದ ಕೊನೆಯ ಹೊತ್ತಿಗೆ ತಿಳಿಯುತ್ತದೆ. ರ‍್ಯಾಡ್‌ಕ್ಲಿಫ್ ಅವರನ್ನು ಮೆಚ್ಚಿ ಬರೆದ ವಾಲ್ಟರ್ ಸ್ಕಾಟ್‌ಗೂ ಈ ವಿವರಿಸುವ ಹಟ ರುಚಿಸಲಿಲ್ಲ. ಹಿಚ್‌ಕಾಕ್‌ನಂಥ ಹಿಚ್‌ಕಾಕ್ 1960ರ 'ಸೈಕೊ' ಕೊನೆಯಲ್ಲಿ ಮನೋವೈದ್ಯನೊಬ್ಬನ ಕೈಲಿ ಉದ್ದುದ್ದ ಭಾಷಣ ಮಾಡಿಸಿದ. ಆ ಚಿತ್ರವನ್ನು ತಲೆಯ ಮೇಲೆ ಹೊತ್ತ ವಿಮರ್ಶಕರೂ ಅದೊಂದು ದೃಶ್ಯ ಇಲ್ಲದಿದ್ದರೆ ಚೆನ್ನಾಗಿತ್ತು ಎಂದರು. ಹಿಚ್‌ಕಾಕ್ ಜಾಣ, ಭಾಷಣ ಮುಗಿದದ್ದೇ ಕ್ಯಾಮೆರಾವನ್ನು ಕೊಲೆಗಾರ ನಾರ್ಮನ್ ಕೂತ ಕೋಣೆಗೆ ತಿರುಗಿಸಿ, ವೈದ್ಯ ಹೇಳಿದ್ದೆಲ್ಲವನ್ನೂ ಒಂದು ನಗುವಿನಲ್ಲಿ ಸುಳ್ಳುಮಾಡಿದ. ನಮ್ಮವರು ಭಾಷಣವನ್ನು ಕಲಿತರು, ಆ ನಗುವನ್ನು ಕಲಿಯಲಿಲ್ಲ.

ಪತ್ತೇದಾರಿ ಕಥೆಗೆ ನನ್ನ ಆಕ್ಷೇಪವಿಲ್ಲ. ಅನೂಪ್ ಭಂಡಾರಿ 2015ರಲ್ಲಿ ಮಾಡಿದ 'ರಂಗಿತರಂಗ'ದಲ್ಲಿ ಭೂತದ ಮುಖವಾಡದ ಹಿಂದೆ ಮನುಷ್ಯನಿದ್ದರೆ ಅದು ಮೋಸವಲ್ಲ. ಒಗಟು ಬಿಡಿಸುತ್ತೇನೆ ಎಂದು ಮೊದಲೇ ಮಾತು ಕೊಟ್ಟ ಚಿತ್ರ ಅದು. 2025ರಲ್ಲಿ ಜೆ. ಪಿ. ತುಮಿನಾಡು ಮಾಡಿದ 'ಸು ಫ್ರಮ್ ಸೋ' ಕೂಡ ಹಾಗೆಯೇ. ನಾಯಕ ಅಶೋಕನ ಮೈಮೇಲೆ ಬಂದದ್ದು ನಾಟಕ ಎಂದು ನಮಗೆ ಮೊದಲೇ ಗೊತ್ತು, ಊರಿಗೆ ಗೊತ್ತಿಲ್ಲ. ಊರಿನ ಭಯ ತನ್ನ ನಿಯಮಗಳನ್ನು ತಾನೇ ಬೆಳೆಸಿಕೊಳ್ಳುತ್ತಾ ಹೋಗುವುದನ್ನು ನೋಡಿ ನಗುತ್ತೇವೆ. ಒಂದು ಮಾತು ಕೊಟ್ಟು ಕೊನೆಯ ರೀಲಿನಲ್ಲಿ ಇನ್ನೊಂದು ಮಾತು ನಡೆಸುವವರ ಮೇಲೆ ನನ್ನ ಸಿಟ್ಟು.

ಸಂದೇಶದ ಪಕ್ಷದವರು ಹೆಚ್ಚು ಗೌರವಾನ್ವಿತರು. ಅವರ ಬಾಯಲ್ಲಿ ಸದಾ 'ಗೆಟ್ ಔಟ್', 'ಬಾಬಾಡೂಕ್', 'ತುಂಬಾಡ್' ಇರುತ್ತವೆ. ಈ ಚಿತ್ರಗಳು ಶ್ರೇಷ್ಠವಾಗಿರುವುದು ಅವು ವರ್ಣಭೇದದ, ದುಃಖದ, ದುರಾಸೆಯ ಬಗ್ಗೆ ಇರುವುದರಿಂದ ಎಂದು ಅವರ ತೀರ್ಪು. ದುರಾಸೆ ಕೆಟ್ಟದ್ದು ಎಂದು ತಿಳಿಯಲು ಸಿನಿಮಾ ಬೇಕೆ? ಒಂದನೆಯ ಕ್ಲಾಸಿನ ಪಾಠದಲ್ಲೇ ಅದು ಮುಗಿದಿದೆ. ರಾಹಿ ಅನಿಲ್ ಬರ್ವೆ 2018ರ 'ತುಂಬಾಡ್'ನಲ್ಲಿ ಮಾಡಿದ್ದೇ ಬೇರೆ. ಮಳೆ ನಿಲ್ಲದ ಊರು. ಬಾವಿಯ ತಳದಲ್ಲಿ ದೇವಿಯ ಗರ್ಭ. ಅದರೊಳಗೆ ಹಸಿದ ಹಸ್ತರ್, ಅವನ ಲಂಗೋಟಿಯಲ್ಲಿ ಚಿನ್ನದ ನಾಣ್ಯ. ಇಳಿದವನು ಹಿಟ್ಟಿನಿಂದ ಸುತ್ತಲೂ ಗೆರೆ ಎಳೆದುಕೊಳ್ಳಬೇಕು, ಹಿಟ್ಟಿನ ಬೊಂಬೆ ಎಸೆಯಬೇಕು, ಹಸ್ತರ್ ಅದನ್ನು ಕಬಳಿಸುವಷ್ಟು ಹೊತ್ತಿನಲ್ಲಿ ಕೈಗೆ ಸಿಕ್ಕಷ್ಟು ನಾಣ್ಯ ಕಿತ್ತುಕೊಂಡು ಹಗ್ಗ ಹಿಡಿದು ಮೇಲೇರಬೇಕು. ಹಸ್ತರ್ ಮುಟ್ಟಿದರೆ ಸಾವೂ ಸಿಗದ ಕೊಳೆತ.

ಹೀಗೆ ನಾಣ್ಯಕ್ಕೆ ಇಳಿಯುವ ವಿನಾಯಕನ ಮಗ ಒಂದು ಲೆಕ್ಕ ಹಾಕುತ್ತಾನೆ. ಒಂದೊಂದು ನಾಣ್ಯ ಯಾಕೆ, ಲಂಗೋಟಿಯನ್ನೇ ಕದ್ದರೆ? ಒಂದು ಬೊಂಬೆಯ ಬದಲು ಹಲವು ಬೊಂಬೆ ಒಯ್ದರೆ? ತಂದೆ ಮಗ ಇಬ್ಬರೂ ಇಳಿಯುತ್ತಾರೆ. ಬೊಂಬೆಗಳೆಷ್ಟೋ ಹಸ್ತರ್‌ಗಳೂ ಅಷ್ಟೇ ಆಗಿ ಗರ್ಭದ ಗೋಡೆಯಿಂದ ಒಬ್ಬೊಬ್ಬರಾಗಿ ಉದುರುತ್ತಾರೆ. ದುರಾಸೆ ಎಂಬ ಪದವನ್ನು ಯಾರೂ ಉಚ್ಚರಿಸುವುದು ಬೇಕಿಲ್ಲ. ಕಟ್ಟಳೆಯನ್ನು ಗುಣಾಕಾರ ಮಾಡಿದ್ದಕ್ಕೆ ಉತ್ತರ ಅದು. ಮೊದಲ ಸಲ ಅಷ್ಟೇನೂ ಓಡದ ಆ ಚಿತ್ರ 2024ರಲ್ಲಿ ಮರುಬಿಡುಗಡೆಯಾದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ಜನ ನೀತಿಪಾಠ ಕೇಳಲು ಎರಡನೆಯ ಸಲ ಟಿಕೆಟ್ ಕೊಳ್ಳುವುದಿಲ್ಲ.

ಜೋರ್ಡನ್ ಪೀಲ್‌ನ 'ಗೆಟ್ ಔಟ್'ನಲ್ಲೂ (2017) ವರ್ಣಭೇದದ ಮಾತು ಮೈಗೆ ಹತ್ತುವುದು ಟೀ ಕಪ್ಪಿನ ಅಂಚಿಗೆ ಚಮಚ ತಾಗುವ ಸದ್ದಿನಿಂದ. ಆ ಸದ್ದು ಕೇಳಿದವನ ಮೈ ಅವನ ಹಿಡಿತ ತಪ್ಪುತ್ತದೆ. 'ಬಾಬಾಡೂಕ್'ನ (2014) ತಾಯಿ ಕೊನೆಗೆ ಆ ಪಿಶಾಚಿಯನ್ನು ನೆಲಮಾಳಿಗೆಯಲ್ಲಿಟ್ಟು ಎರೆಹುಳ ತಿನ್ನಿಸಿ ಸಾಕುತ್ತಾಳೆ. ನಮ್ಮದೇ ಪವನ್ ಕುಮಾರ್ 2016ರ 'ಯೂ ಟರ್ನ್'ನಲ್ಲಿ ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲಿನ ಡಿವೈಡರ್ ಕಲ್ಲನ್ನು ಇದೇ ಕೆಲಸಕ್ಕೆ ಹಚ್ಚಿದರು. ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗಿದವರು ಅವತ್ತೇ ಸಾಯುತ್ತಾರೆ. ಟ್ರಾಫಿಕ್ ಪೊಲೀಸರ ಬೋರ್ಡುಗಳು ವರ್ಷಾನುಗಟ್ಟಲೆ ಹೇಳಿ ಆಗದ ಕೆಲಸವನ್ನು ಆ ಒಂದು ಕಲ್ಲು ಮಾಡಿತು. ಚಿತ್ರದ ಎರಡನೆಯ ಅರ್ಧದಲ್ಲಿ ಕಾರಣವೂ ಸಿಗುತ್ತದೆ. ಸಿಕ್ಕ ಮೇಲೆ ಭಯ ಒಂದು ಹಿಡಿ ಕಡಿಮೆಯಾಗುವುದನ್ನು ನೋಡಿದವರೆಲ್ಲ ಬಲ್ಲರು. ಸಂದೇಶ ಇರಲಿ, ಧಾರಾಳವಾಗಿ ಇರಲಿ. ಅದು ಕಟ್ಟಳೆಯ ಒಳಗಿಂದ ಒಸರಬೇಕು, ಮೇಲಿಂದ ಸುರಿಯಬಾರದು.

ಉಳಿದದ್ದು ಒಂದು ಗಂಭೀರ ಆಕ್ಷೇಪ. ವಿವರಿಸದೆ ಬಿಟ್ಟರೆ ಮೂಢನಂಬಿಕೆಗೆ ನೀರೆರೆದಂತಾಗುವುದಿಲ್ಲವೇ? ಮಾಟ ಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ಕಾಯ್ದೆ ತಂದ ರಾಜ್ಯ ನಮ್ಮದು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಯಾರನ್ನು ಪ್ರಶ್ನಿಸಿದರು? ಇದು ನಿಜ ಎಂದು ಸಾರಿ ಜನರಿಂದ ಶರಣಾಗತಿ ಕೇಳುವವರನ್ನು. ಕಥೆ ನಿಜ ಎಂದು ಸಾರುವುದಿಲ್ಲ, ಕಾಣಿಕೆ ಕೇಳುವುದಿಲ್ಲ, ಪರದೆ ಇಳಿದ ಮೇಲೆ ನಿಮ್ಮನ್ನು ಮನೆಗೆ ಕಳಿಸುತ್ತದೆ. ಮೌಢ್ಯದ ವ್ಯಾಪಾರ ನಡೆಯುವುದು ಬೆಳಗಿನ ಟಿವಿಯ ಜ್ಯೋತಿಷಿಗಳಲ್ಲಿ. ಅವರಲ್ಲಿ ಒಬ್ಬೊಬ್ಬರೂ ಕಾರಣ ಕೊಡುವುದರಲ್ಲಿ ನಿಸ್ಸೀಮರು. ನಿಮ್ಮ ಕಷ್ಟಕ್ಕೆ ಶನಿ ಕಾರಣ, ವಾಸ್ತು ಕಾರಣ, ಪಿತೃಶಾಪ ಕಾರಣ. ಎಲ್ಲದಕ್ಕೂ ಕಾರಣ ಬೇಕೇಬೇಕು ಎಂಬ ಹಪಾಹಪಿಯೇ ಅವರ ಬಂಡವಾಳ.

ಶಿವರಾಮ ಕಾರಂತರಿಗಿಂತ ದೊಡ್ಡ ವಿಚಾರವಾ​ದಿಯನ್ನು ಕನ್ನಡದಲ್ಲಿ ಹುಡುಕುವುದು ಕಷ್ಟ. ಅವರಿಗೆ ಜ್ಞಾನಪೀಠ ತಂದ 'ಮೂಕಜ್ಜಿಯ ಕನಸುಗಳು' (1968) ನಿಂತಿರುವುದೇ ಒಂದು ವಿವರಿಸಲಾಗದ ಸಂಗತಿಯ ಮೇಲೆ. ಅಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಣ ಕಾಲ ಅವಳಿಗೆ ಕಾಣುತ್ತದೆ. ಅದು ಹೇಗೆ ಎಂದು ಕಾರಂತರು ಡಾಕ್ಟರನ್ನು ಕರೆಸಲಿಲ್ಲ, ಫ್ಲ್ಯಾಶ್‌ಬ್ಯಾಕ್ ಹಾಕಲಿಲ್ಲ. ಮುಟ್ಟಿದರೆ ಕಾಣುತ್ತದೆ, ಅಷ್ಟು ಒಪ್ಪಿಕೊಳ್ಳಿ ಎಂದರು. ಅಷ್ಟನ್ನು ಒಪ್ಪಿಸಿ, ದೇವರು ಧರ್ಮಗಳ ಬುಡವನ್ನೇ ಅಲ್ಲಾಡಿಸುವ ಪ್ರಶ್ನೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿಸಿದರು. ವಿವರಿಸದ ಕಥೆ ಮೌಢ್ಯ ಬೆಳೆಸುತ್ತದೆ ಎನ್ನುವವರು ಮೊದಲು ಈ ಕಾದಂಬರಿಗೆ ಉತ್ತರ ಹೇಳಲಿ.

ಬಜೆಟ್ಟಿನ ಗೋಳನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕ್ಯಾಸೆಟ್, ಕಲ್ಲು, ಚಮಚ, ಹಿಟ್ಟು, ಸೀಮೆಸುಣ್ಣ: ಮೇಲೆ ಹೇಳಿದ ಭಯಗಳಿಗೆ ಬೇಕಾದ ಸಾಮಗ್ರಿಯ ಪಟ್ಟಿ ಇದು. ಕಿವಿಗೆ ಗುದ್ದುವ ಸೌಂಡ್ ಎಫೆಕ್ಟಿಗೆ, ಕನ್ನಡಿಯಲ್ಲಿ ಥಟ್ಟನೆ ಕಾಣುವ ಬಿಳಿ ಮುಖದ ಗ್ರಾಫಿಕ್ಸಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಅದರಿಂದ ಬರುವುದು ಬೆಚ್ಚುವಿಕೆ, ಪಾರ್ಕಿಂಗ್ ತಲುಪುವ ತನಕವೂ ಅದು ಉಳಿಯುವುದಿಲ್ಲ.

ಹಾಗಾಗಿ ಬರೆಯುವವರಲ್ಲಿ ಒಂದು ಕೋರಿಕೆ. ನಿಮ್ಮ ದೆವ್ವದ ಜನ್ಮಕುಂಡಲಿ ಬರೆಯುವುದನ್ನು ಬಿಡಿ. ಅದು ಏನು ಮಾಡಬಲ್ಲದು, ಏನು ಮಾಡಲಾರದು, ಯಾವುದಕ್ಕೆ ನಿಲ್ಲುತ್ತದೆ, ನಿಂತದ್ದಕ್ಕೆ ಏನು ವಸೂಲು ಮಾಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಾಯಕಿ ಎಷ್ಟೇ ಮುದ್ದಾಗಿರಲಿ, ನಾಯಕನ ಡೇಟ್ಸ್ ಎಷ್ಟೇ ದುಬಾರಿಯಾಗಿರಲಿ, ಆ ಹಾಳೆಯನ್ನು ಅವರಿಗಾಗಿ ತಿದ್ದಬೇಡಿ. ನಿರ್ಮಾಪಕರು ಫ್ಲ್ಯಾಶ್‌ಬ್ಯಾಕ್ ಕೇಳಿದರೆ ಹಾಳೆ ತೋರಿಸಿ. ಓದುಗರಿಗೆ, ಪ್ರೇಕ್ಷಕರಿಗೆ ಹೇಳುವುದು ಇಷ್ಟು: ಮುಂದಿನ ಸಲ ಲಾಜಿಕ್ ಇಲ್ಲ ಎಂದು ಬೈಯುವಾಗ, ದೆವ್ವ ತನ್ನ ಯಾವ ನಿಯಮವನ್ನು ಎಲ್ಲಿ ಮುರಿಯಿತು ಎಂದು ಬೆರಳಿಟ್ಟು ತೋರಿಸಿ ಬೈಯಿರಿ. ನೀವು ಅಷ್ಟು ಮಾಡುವ ತನಕ ಉದ್ಯಮ ನಿಮಗೆ ಡಾಕ್ಟರರನ್ನೇ ಕಳಿಸುತ್ತಿರುತ್ತದೆ.